ಜ್ವರ ಅಂತ ಹೇಳುವುದು ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಸ್ಕೂಲಿನ ಆಫೀಸಿಗೆ ಇವತ್ತು ಬೆಳಿಗ್ಗೆ ಈಮೇಲ್ ಕಳಿಸಿದೆ. ಹೊಟ್ಟೆನೋವು ಅಂತಲೂ ಬರೆಯಲಿಲ್ಲ, ಜ್ವರ ಅಂತಲೂ ಬರೆಯಲಿಲ್ಲ. "ಮುಂದಿನ ಗುರುವಾರ ಬೆಳಿಗ್ಗೆ ನನ್ನ ಮಗಳಿಗೆ ಒಂದು ಸೆಕೆಂಡರಿ ಸ್ಕೂಲಿನಲ್ಲಿ ಇಂಟರ್ವ್ಯೂ ಇದೆ. ಅಷ್ಟು ಹೊತ್ತಿಗೆ ದಯವಿಟ್ಟು ರಜೆ ಕೊಡಿ. ಮಧ್ಯಾಹ್ನದ ಹಾಜರಿಯೊಳಗೆ ಕರೆತಂದು ಬಿಡುತ್ತೇನೆ" ಅಂತ ಬರೆದೆ. ಆ ಸ್ಕೂಲಿನಿಂದ ಬಂದ ಪತ್ರವನ್ನೂ ಜೊತೆಗೆ ಹಾಕಿದೆ. ಅಷ್ಟೇ.

ನಿನಗೆ ಇದು ಇಷ್ಟವಾಗುವುದಿಲ್ಲ ಅಂತ ಗೊತ್ತು. ಹುಷಾರಿಲ್ಲ ಅಂದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ ಅನ್ನೋದು ನಿನ್ನ ಲೆಕ್ಕ. ಕ್ಲಾಸಿನಲ್ಲಿ ಕೆಲವರು ಹಾಗೇ ಮಾಡಿದರು ಅಂತಲೂ ಹೇಳಿದೆ. ಅಜ್ಜಿ ಕೂಡ ಫೋನಿನಲ್ಲಿ ಅದನ್ನೇ ಅಂದರು. ಅವರ ಕಾಲದಲ್ಲಿ, ನಮ್ಮ ಕಾಲದಲ್ಲೂ, ರಜಾ ಅರ್ಜಿ ಅಂದರೆ "ನನಗೆ ಜ್ವರ ಬಂದಿರುವುದರಿಂದ" ಅಂತಲೇ ಶುರುವಾಗುತ್ತಿತ್ತು. ಮದುವೆಗೆ ಹೋದರೂ ಜ್ವರ, ಜಾತ್ರೆಗೆ ಹೋದರೂ ಜ್ವರ. ಅಜ್ಜಿ ಮೇಲೆ ನನಗೇನೂ ಬೇಜಾರಿಲ್ಲ. ಆದರೆ ಈ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಯಾಕೆ ಅಂತ ನಿನಗೆ ಪೂರ್ತಿ ಹೇಳಬೇಕು. ಬಾಯಲ್ಲಿ ಹೇಳೋಕೆ ಹೋದರೆ ನೀನು ನಡುವೆಯೇ ಎದ್ದು ಹೋಗುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವಾಗ ಎಲ್ಲಾದರೂ ಗೊತ್ತಾಗದಿದ್ದರೆ ಕೂಗು, ಬರುತ್ತೇನೆ.

ಮೊದಲು ನಿನ್ನ ದೊಡ್ಡ ಭಯ. ನಮಗೆ ದಂಡ ಬೀಳುತ್ತದಾ ಅಂತ ಕೇಳಿದೆ, ಅಲ್ವಾ? ಇಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ದಂಡ ಇರುವುದು ಸ್ಕೂಲಿನ ಒಪ್ಪಿಗೆ ಇಲ್ಲದೆ ತಪ್ಪಿಸಿಕೊಂಡ ದಿನಗಳಿಗೆ. ದಿನಕ್ಕೆ ಎರಡು ಸಲ ನಿಮ್ಮ ಹಾಜರಿ ತೆಗೆದುಕೊಳ್ಳುತ್ತಾರಲ್ಲ, ಆ ಒಂದೊಂದು ಅರ್ಧ ದಿನಕ್ಕೂ ಸೆಷನ್ ಅಂತ ಹೆಸರು. 10 ಶಾಲಾ ವಾರಗಳ ಒಳಗೆ ಒಪ್ಪಿಗೆಯಿಲ್ಲದೆ 10 ಸೆಷನ್ ತಪ್ಪಿದರೆ ದಂಡ ಹಾಕಬೇಕೇ ಅಂತ ಯೋಚನೆ ಮಾಡುತ್ತಾರೆ. 2024ರ ಆಗಸ್ಟ್‌ನಿಂದ ಇಡೀ ಇಂಗ್ಲೆಂಡಿಗೆ ಇದೇ ಲೆಕ್ಕ. ಒಂದು ಮಗುವಿಗೆ, ಅಪ್ಪ ಅಮ್ಮ ಇಬ್ಬರಿಗೂ ಬೇರೆ ಬೇರೆ ದಂಡ. ಮೊದಲ ಸಲವಾದರೆ, 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ನಿನ್ನ ಗೆಳತಿಯ ಮನೆಯವರು ಟರ್ಮ್ ನಡುವೆ ಊರಿಗೆ ಹೋಗಿ ಬಂದಿದ್ದಕ್ಕೆ ಕಟ್ಟಿದ್ದು ಇದೇ. ನಮ್ಮದು ಆ ಥರದ ರಜೆ ಅಲ್ಲ. ಇನ್ನೊಂದು ಸ್ಕೂಲಿಗೆ ಸೇರುವ ಇಂಟರ್ವ್ಯೂಗೆ ರಜೆ ಕೊಡಬಹುದು ಅಂತ ಹಾಜರಿಯ ನಿಯಮದಲ್ಲೇ ಇದೆ. ರಿಜಿಸ್ಟರಿನಲ್ಲಿ ಅದಕ್ಕೇ ಅಂತ ಒಂದು ಕೋಡ್ ಕೂಡ ಇದೆ, ಜೆ1 ಅಂತ. ಮಗು ಯಾರ ಜೊತೆ ಇದೆಯೋ ಆ ಅಪ್ಪ ಅಥವಾ ಅಮ್ಮ ಮುಂಚೆಯೇ ಕೇಳಬೇಕು, ಸ್ಕೂಲು ಒಪ್ಪಬೇಕು.

ಅಂದರೆ ನಿನ್ನಂಥ ಮಕ್ಕಳು ಹೀಗೆ ಹೋಗಬೇಕಾಗುತ್ತದೆ ಅಂತ ನಿಯಮ ಬರೆದವರಿಗೇ ಗೊತ್ತಿತ್ತು. ಬಾಗಿಲು ತೆರೆದೇ ಇರುವಾಗ ಕಿಟಕಿ ಹಾರುವುದು ಯಾಕೆ, ಹೇಳು.

ಇನ್ನು ರಿಜಿಸ್ಟರಿನ ವಿಷಯ. ಅದು ಸುಮ್ನೆ ಟೀಚರ್ ಟಿಕ್ ಹಾಕುವ ಪಟ್ಟಿ ಅಂತ ನೀನು ಅಂದುಕೊಂಡಿದ್ದೀಯ. ಬೆಳಿಗ್ಗೆ ಬಂದರೆ ಒಂದು ಓರೆಗೆರೆ, ಮಧ್ಯಾಹ್ನ ಇದ್ದರೆ ಅದಕ್ಕೆ ಎದುರು ದಿಕ್ಕಿನ ಓರೆಗೆರೆ. ಬರದಿದ್ದರೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಒಂದು ಅಕ್ಷರ. ಹುಷಾರಿಲ್ಲದಿದ್ದರೆ ಐ, ಡಾಕ್ಟರ್ ಹತ್ತಿರ ಹೋದರೆ ಎಂ. ಒಂದು ಸಲ ಬರೆದದ್ದನ್ನು ಆರು ವರ್ಷ ಇಟ್ಟುಕೊಳ್ಳಬೇಕು ಅಂತ ಕಾನೂನಿದೆ. ಫೈರ್ ಅಲಾರಂ ಹೊಡೆದು ನೀವೆಲ್ಲ ಮೈದಾನದಲ್ಲಿ ಸಾಲಾಗಿ ನಿಂತಾಗ ಟೀಚರ್ ಓದುವ ಹೆಸರುಗಳು ಆ ರಿಜಿಸ್ಟರಿನದೇ. ಯಾರು ಒಳಗೆ ಉಳಿದಿರಬಹುದು ಅಂತ ಅವರಿಗೆ ಗೊತ್ತಾಗುವುದು ಅದರಿಂದಲೇ. ಒಂದು ಮಗು ಬರಲಿಲ್ಲ, ಮನೆಯಿಂದ ಸುದ್ದಿಯೂ ಇಲ್ಲ ಅಂದರೆ ಆಫೀಸಿನವರು ಬೆಳಿಗ್ಗೆಯೇ ಫೋನ್ ಮಾಡುತ್ತಾರಲ್ಲ, ಅದು ಬೈಯೋಕಲ್ಲ. ಮಗು ಮನೆಯಿಂದ ಹೊರಟು ದಾರಿಯಲ್ಲಿ ಏನಾದರೂ ಆಯಿತಾ ಅನ್ನುವ ಆತಂಕಕ್ಕೆ. ಮಕ್ಕಳನ್ನು ಕಾಯೋಕೆ ಇಟ್ಟಿರುವ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ನಾನು ಸುಳ್ಳು ಬರೆಸುವುದಿಲ್ಲ.

ಇಷ್ಟಕ್ಕೂ ಸುಳ್ಳು ಹೇಳಿದರೆ ಅದರ ಭಾರ ಹೊರುವುದು ಯಾರು? ನಾನಲ್ಲ, ನೀನು. ನಾನು ಫೋನಿನಲ್ಲಿ ಒಂದು ಮಾತು ಹೇಳಿ ನನ್ನ ಕೆಲಸಕ್ಕೆ ಹೋಗಿಬಿಡುತ್ತೇನೆ. ಮಧ್ಯಾಹ್ನ ಕ್ಲಾಸಿಗೆ ಹೋದಾಗ ನಿನ್ನ ಟೀಚರ್ ಹತ್ತಿರ ಬಂದು "ಈಗ ಹೇಗಿದೆ, ವಾಸಿ ಆಯ್ತಾ?" ಅಂತ ಕೇಳುತ್ತಾರೆ. ಹೋದ ವರ್ಷ ನೀನು ನಿಜವಾಗಿ ಮಲಗಿದ್ದಾಗ ಇಡೀ ಕ್ಲಾಸಿನ ಕೈಲಿ ಕಾರ್ಡ್ ಬರೆಸಿ ಕಳಿಸಿದವರು ಅವರು. ಅವರ ಮುಖ ನೋಡಿ ನೀನು ಏನು ಹೇಳುತ್ತೀಯ? ಇಂಟರ್ವ್ಯೂ ದಿನ ನಿನ್ನ ತಲೆಯಲ್ಲಿ ಆ ಇಂಟರ್ವ್ಯೂ ಒಂದೇ ಇರಲಿ. ವಾಪಸ್ ಬಂದ ಮೇಲೆ ಯಾರಿಗೆ ಏನು ಹೇಳಿದ್ದೆವು ಅನ್ನುವ ಲೆಕ್ಕ ಬೇಡ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಪ್ರೈವೇಟ್ ಸ್ಕೂಲುಗಳು ನಿನ್ನನ್ನು ಕರೆಯುವ ಜೊತೆಗೆ ನಿನ್ನ ಹೆಡ್ ಟೀಚರ್ ಹತ್ತಿರವೂ ಒಂದು ವರದಿ ಕೇಳುತ್ತವೆ. ಪಾಠದಲ್ಲಿ ಹೇಗೆ, ಬೇರೆ ಮಕ್ಕಳ ಜೊತೆ ಹೇಗೆ, ಹಾಜರಿ ಹೇಗೆ ಅಂತ. ಅವರು ಅದನ್ನು ಬರೆದು ಕಳಿಸಿಯೂ ಆಗಿದೆ. ಎಲ್ಲ ಗೊತ್ತಿರುವವರ ಮುಂದೆ ಹೊಟ್ಟೆನೋವಿನ ಕತೆ ಯಾಕೆ?

ಈಗ ನೀನು ಅತ್ತ ವಿಷಯಕ್ಕೆ ಬರುತ್ತೇನೆ, ಪೂರ್ತಿ ಹಾಜರಿಗೆ ಕೊಡುವ ಆ ಸರ್ಟಿಫಿಕೇಟ್. ಈ ವರ್ಷವೂ ನೂರಕ್ಕೆ ನೂರು ಹಾಜರಿ ಬರಬೇಕು ಅಂತ ನಿನಗೆ ಆಸೆ. ನಿಜ ಹೇಳುತ್ತೇನೆ: ಬರುವುದಿಲ್ಲ. ಸ್ಕೂಲು ಒಪ್ಪಿ ಕೊಟ್ಟ ರಜೆಯೂ ಲೆಕ್ಕದಲ್ಲಿ ಗೈರುಹಾಜರಿಯೇ. ವರ್ಷಕ್ಕೆ 190 ದಿನ, ಅಂದರೆ 380 ಸೆಷನ್. ಒಂದು ಇಡೀ ದಿನ ತಪ್ಪಿದರೆ ಶೇಕಡ ಅರ್ಧಕ್ಕಿಂತ ಚೂರು ಜಾಸ್ತಿ ಹೋಗುತ್ತದೆ. ಸರ್ಕಾರ ಚಿಂತೆ ಮಾಡುವುದು ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿದವರ ಬಗ್ಗೆ. ನೀನು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಅಸೆಂಬ್ಲಿಯಲ್ಲಿ ನಿನ್ನ ಹೆಸರು ಕರೆಯದಿದ್ದಾಗ ನಿನಗೆ ನೋವಾಗುತ್ತದೆ. ಆಗಲಿ ಬಿಡು, ಅದು ಏನೂ ಅಲ್ಲ ಅಂತ ನಾನು ಹೇಳುವುದಿಲ್ಲ. ಮಳೆಯಲ್ಲಿ, ಚಳಿಯಲ್ಲಿ, ಕತ್ತಲೆ ಹರಿಯುವ ಮುಂಚೆ ಎದ್ದು ದಿನವೂ ಹೋದವಳು ನೀನು. ಆ ಅಭ್ಯಾಸ ನಿನ್ನದು, ಅದು ನನಗೆ ತುಂಬ ಇಷ್ಟ. ನನ್ನ ಒಂದು ಅಭಿಪ್ರಾಯ ಇದೆ, ಹೇಳಿಬಿಡುತ್ತೇನೆ. ಬಹುಮಾನ ಕೊಡುವುದಾದರೆ ಪ್ರಯತ್ನಕ್ಕೆ ಕೊಡಬೇಕು. ಸಕ್ಕರೆ ಕಾಯಿಲೆ ಇರುವ ಮಗು, ಆಸ್ತಮಾ ಇರುವ ಮಗು ಆಸ್ಪತ್ರೆಗೆ ಹೋಗಲೇಬೇಕು. ಆ ಮಕ್ಕಳಿಗೆ ಈ ಕಾಗದ ಯಾವತ್ತೂ ಸಿಗುವುದಿಲ್ಲ. ಅದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಗ್ರಾಮರ್ ಸ್ಕೂಲಿನ, ಅಂದರೆ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸುವ ಸರ್ಕಾರಿ ಸ್ಕೂಲಿನ, ಪರೀಕ್ಷೆಗೆ ರಜೆಯೇ ಬೇಕಾಗಿರಲಿಲ್ಲ, ಈಗ ಯಾಕೆ ಅಂತ ಕೇಳಿದೆ. ಆ ಪರೀಕ್ಷೆ ಶನಿವಾರ ಇತ್ತು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಜಿಲ್ಲೆಗಳ ಕಡೆ ಮಕ್ಕಳು ತಮ್ಮ ಪ್ರೈಮರಿ ಸ್ಕೂಲಿನಲ್ಲೇ ಕೂತು ಬರೆಯುತ್ತಾರೆ, ಅವರಿಗೂ ರಜೆ ಬೇಡ. ಗ್ರಾಮರ್ ಸ್ಕೂಲು ಸರ್ಕಾರದ ದುಡ್ಡಿನಲ್ಲಿ ನಡೆಯುವುದರಿಂದ ಇಂಟರ್ವ್ಯೂ ಮಾಡುವ ಹಾಗೇ ಇಲ್ಲ. 2006ರ ಕಾಯ್ದೆ ಅದನ್ನು ನಿಲ್ಲಿಸಿತು. ಹಾಸ್ಟೆಲ್ ಇರುವ ಸ್ಕೂಲುಗಳಿಗೆ ಮಾತ್ರ ಸ್ವಲ್ಪ ವಿನಾಯಿತಿ. ಅದು ಒಳ್ಳೆಯ ನಿಯಮ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಇಂಟರ್ವ್ಯೂ ಇದ್ದರೆ ಮಾತು ಬಲ್ಲ ಮನೆಯ ಮಕ್ಕಳು ಸುಲಭವಾಗಿ ಗೆಲ್ಲುತ್ತಾರೆ, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ತಡವರಿಸುತ್ತಾರೆ. ಫೀಸ್ ಇರುವ ಸ್ಕೂಲುಗಳಿಗೆ ಆ ನಿಯಮ ಇಲ್ಲ. ಅವರು ವಾರದ ದಿನಗಳಲ್ಲಿ, ತಮ್ಮ ಟೀಚರ್‌ಗಳು ಸಿಗುವ ಹೊತ್ತಿನಲ್ಲೇ ಕರೆಯುತ್ತಾರೆ. ಅದಕ್ಕೇ ಈ ರಜೆ. 2025ರ ಜನವರಿಯಿಂದ ಆ ಫೀಸಿನ ಮೇಲೆ ಶೇಕಡ 20 ವ್ಯಾಟ್ ಬೇರೆ ಬಂದಿದೆ. ನಾನೂ ಅಪ್ಪನೂ ಅಡುಗೆಮನೆಯಲ್ಲಿ ಅದರ ಬಗ್ಗೆ ಮಾತಾಡಿದ್ದು ನಿನ್ನ ಕಿವಿಗೆ ಬಿದ್ದಿದೆ. ಆ ಚಿಂತೆ ನಮ್ಮದು. ಸ್ಕಾಲರ್‌ಶಿಪ್ ಸಿಗಲೇಬೇಕು ಅಂತ ನಿನ್ನ ತಲೆ ಮೇಲೆ ನಾವು ಹೊರಿಸಿಲ್ಲ, ನೀನೂ ಹೊರಿಸಿಕೊಳ್ಳಬೇಡ.

ಅಪ್ಪ ಒಂದು ಹೊತ್ತಿನಲ್ಲಿ ಇನ್ನೂ ನಾಲ್ಕಾರು ಸ್ಕೂಲಿಗೆ ಅರ್ಜಿ ಹಾಕೋಣ ಅಂದರು. ನಾನು ಬೇಡ ಅಂದೆ. ಒಂದೊಂದು ಅರ್ಜಿಯೂ ಒಂದು ಪರೀಕ್ಷೆ, ಆಮೇಲೆ ಒಂದು ಇಂಟರ್ವ್ಯೂ. ಒಂದೊಂದಕ್ಕೂ ನಿನ್ನ ಕ್ಲಾಸು ತಪ್ಪುತ್ತದೆ. ಮೇ ತಿಂಗಳಿನಲ್ಲಿ ಸ್ಯಾಟ್ಸ್, ಅಂದರೆ ಪ್ರೈಮರಿ ಕೊನೆಯ ಪರೀಕ್ಷೆ, ಇದೆ; ಅದಕ್ಕಿಂತ ಮುಖ್ಯವಾಗಿ ಈ ಸ್ಕೂಲಿನಲ್ಲಿ ಇದು ನಿನ್ನ ಕೊನೆಯ ವರ್ಷ. ಇಂಟರ್ವ್ಯೂಗೆ ಓದಿಕೊಳ್ಳೋಕೆ ಅಂತ ಹಿಂದಿನ ದಿನವೂ ಮನೆಯಲ್ಲಿ ಇಟ್ಟುಕೊಳ್ಳುವವರಿದ್ದಾರೆ. ನಾನು ಇಟ್ಟುಕೊಳ್ಳುವುದಿಲ್ಲ. ಆ ದಿನಕ್ಕೆ ಒಪ್ಪಿಗೆ ಕೇಳುವ ಮುಖವೂ ನನಗಿಲ್ಲ. ಬುಧವಾರ ನೀನು ಸ್ಕೂಲಿಗೆ ಹೋಗು, ಎಂದಿನಂತೆ ಆಡಿಕೊಂಡು ಬಾ. ಓದುತ್ತಿರುವ ಪುಸ್ತಕದ ಬಗ್ಗೆ ಕೇಳಬಹುದು, ಒಂದು ಚಿತ್ರ ತೋರಿಸಿ ಏನು ಕಾಣುತ್ತದೆ ಅನ್ನಬಹುದು, ಒಂದು ಲೆಕ್ಕ ಕೊಟ್ಟು ನೀನು ಹೇಗೆ ಯೋಚಿಸುತ್ತೀಯ ಅಂತ ನೋಡಬಹುದು. ಇದಕ್ಕೆಲ್ಲ ಬಾಯಿಪಾಠ ಮಾಡಿಕೊಂಡು ಹೋದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಹಾಂ, ಒಂದು ಪ್ರಶ್ನೆ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಗುರುವಾರ ಬೆಳಿಗ್ಗೆ ನಿಜವಾಗಲೂ ಜ್ವರ ಬಂದರೆ? ಮುಚ್ಚಿಡಬೇಡ. ಇಂಟರ್ವ್ಯೂ ತಪ್ಪಿದರೆ ಅಮ್ಮನಿಗೆ ಬೇಜಾರಾಗುತ್ತದೆ ಅಂತ ಮಾತ್ರೆ ನುಂಗಿ ಹೊರಡಬೇಡ. ಆ ಸ್ಕೂಲಿಗೆ ಫೋನ್ ಮಾಡಿ ಬೇರೆ ದಿನ ಕೇಳುತ್ತೇನೆ. ಹುಷಾರಿಲ್ಲದ ಮಗುವಿಗೆ ಸಾಮಾನ್ಯವಾಗಿ ಇನ್ನೊಂದು ದಿನ ಕೊಡುತ್ತಾರೆ. ನಿನ್ನ ಕ್ಲಾಸ್ ಟ್ರಿಪ್ ಇದ್ದ ದಿನವೇ ಮೊದಲು ಇಂಟರ್ವ್ಯೂ ಇಟ್ಟಿದ್ದರು, ನೆನಪಿದೆಯಾ? ಟ್ರಿಪ್ ತಪ್ಪಿಸೋಕೆ ಆಗುವುದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಗುರುವಾರಕ್ಕೆ ಬದಲಾಯಿಸಿ ಕೊಟ್ಟರು.

ಗೆಳತಿಯರು ಎಲ್ಲಿಗೆ ಹೋಗಿದ್ದೆ ಅಂತ ಕೇಳಿಯೇ ಕೇಳುತ್ತಾರೆ. "ಒಂದು ಸ್ಕೂಲಿನಲ್ಲಿ ಇಂಟರ್ವ್ಯೂ ಇತ್ತು" ಅನ್ನು, ಸಾಕು. ಯಾವ ಸ್ಕೂಲು, ಏನು ಕೇಳಿದರು ಅಂತೆಲ್ಲ ಹೇಳಲೇಬೇಕಾಗಿಲ್ಲ. ಬೇಡ ಅನಿಸಿದರೆ "ಆಮೇಲೆ ಹೇಳುತ್ತೇನೆ" ಅನ್ನಬಹುದು, ಅದು ಸುಳ್ಳಲ್ಲ. ಆದರೆ ಒಂದು ನೆನಪಿರಲಿ. ನಿನ್ನ ಪಕ್ಕ ಕೂರುವವಳು ಎಲ್ಲೂ ಪರೀಕ್ಷೆ ಬರೆಯುತ್ತಿಲ್ಲ. ಅವಳು ಮನೆ ಹತ್ತಿರದ ಸ್ಕೂಲಿಗೇ ಹೋಗುತ್ತಾಳೆ, ಅದು ಒಳ್ಳೆಯ ಸ್ಕೂಲು, ನಮ್ಮ ಅರ್ಜಿಯಲ್ಲೂ ಅದು ಇದೆ. ಮಾರ್ಚ್ 1ಕ್ಕೆ ಎಲ್ಲರಿಗೂ ಸೀಟಿನ ಸುದ್ದಿ ಬರುವಾಗ ನೀವಿಬ್ಬರೂ ಒಂದೇ ಕಡೆ ಬಂದರೂ ಬರಬಹುದು. ಅವಳ ಎದುರು ಈ ಇಂಟರ್ವ್ಯೂ ಅನ್ನೋದು ಏನೋ ದೊಡ್ಡ ಗೌರವ ಅನ್ನುವ ಹಾಗೆ ಮಾತಾಡಬೇಡ.

ಈ ಪತ್ರ ಬರೆಯುತ್ತಿರುವಾಗಲೇ ನಿನ್ನ ಸ್ಕೂಲಿನಿಂದ ಉತ್ತರ ಬಂತು. ರಜೆ ಒಪ್ಪಿದ್ದಾರೆ. ನಿನಗೆ ಒಳ್ಳೆಯದಾಗಲಿ ಅಂತ ಹೆಡ್ ಟೀಚರ್ ಒಂದು ಸಾಲು ಸೇರಿಸಿದ್ದಾರೆ. ಗುರುವಾರ ಬೆಳಿಗ್ಗೆ ಭಿನ್ನರಾಶಿಯ ಪಾಠ ಇದೆಯಂತೆ, ಅದರ ಶೀಟನ್ನು ಬುಧವಾರವೇ ಕೊಡುತ್ತಾರಂತೆ. ಮರೆಯದೆ ಕೇಳಿ ತಗೋ, ಸಂಜೆ ಇಬ್ಬರೂ ಕೂತು ಮಾಡೋಣ. ಊಟದ ಡಬ್ಬಿ ಕಾರಿನಲ್ಲೇ ಇಟ್ಟಿರುತ್ತೇನೆ. ಬಟ್ಟೆಗೆ ಏನೂ ಹುಡುಕಬೇಡ, ಈಗಿನ ಸ್ಕೂಲಿನ ಯೂನಿಫಾರ್ಮ್ ಸಾಕು ಅಂತ ಅವರೇ ಬರೆದಿದ್ದಾರೆ.

ಪ್ರೀತಿಯಿಂದ,
ನಿನ್ನ ಅಮ್ಮ