ಟ್ರೈಲರ್ ಬ್ರೇಕ್ ವಿಷಯಕ್ಕೆ ಬರೆದ ಕಾಗದ

ಚಿ. ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಎಲ್ಲವನ್ನೂ ಓದಿದೆ. ಆದರೆ ಕೊನೆಯ ಪುಟದಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ನನ್ನ ಮನಸ್ಸು ಅಲ್ಲೇ ಸಿಕ್ಕಿಕೊಂಡಿದೆ. "ಐಸನ್‌ಹೋವರ್ ಸುರಂಗ ದಾಟಿ ಇಳಿಯುವಾಗ ಟ್ರೈಲರ್ ಹಿಂದಿನಿಂದ ತಳ್ಳಿದ ಹಾಗಾಯಿತು ಮಾವ. ಅದರ ಬ್ರೇಕ್ ಸರಿಯಾಗಿ ಹಿಡೀತಿಲ್ಲ. ಮುಂದಿನ ತಿಂಗಳು ನೋಡಿಸ್ತೀನಿ, ಅಲ್ಲಿವರೆಗೆ ನಿಧಾನ ಹೋದ್ರೆ ಸಾಕು."

ಸಾಕಾಗಲ್ಲ ಪುಟ್ಟ. ಆ ಸುರಂಗ ಇರುವುದು ಕೊಲೊರಾಡೊದ ಬೆಟ್ಟಗಳಲ್ಲಿ, 11,000 ಅಡಿಗಿಂತ ಮೇಲೆ. ಅಲ್ಲಿಂದ ಸಿಲ್ವರ್‌ಥಾರ್ನ್ ಊರಿನ ಕಡೆಗೆ ಇಳಿಯುವ ದಾರಿಯಲ್ಲಿ, ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿ ಹಾಸಿದ ಏರು ದಾರಿ ಮಾಡಿಟ್ಟಿದ್ದಾರೆ. ನೀನೂ ನೋಡಿರುತ್ತೀಯ. ಸುಮ್ನೆ ಮಾಡಿಟ್ಟಿದ್ದಲ್ಲ ಅದು.

"ನಂದು ಲಾರಿ ಅಲ್ಲ, ಪಿಕಪ್ ತಾನೇ" ಅಂತ ಕೂಡ ಬರೆದಿದ್ದೀಯ. ಹಿಂದೆ ನಾನೂ ಇದೇ ಮಾತು ಆಡುತ್ತಿದ್ದೆ. ಅಮೆರಿಕದ ಕಾನೂನು ಗಾಡಿಯ ಆಕಾರ ನೋಡಲ್ಲ, ತೂಕ ನೋಡುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರಲ್ಲ, ಗಾಡಿ ಹೆಚ್ಚೆಂದರೆ ಎಷ್ಟು ತೂಗಬಹುದು ಎಂದು ಕಂಪನಿ ಬರೆದದ್ದು. ನಿನ್ನದು 11,500 ಪೌಂಡ್ ಅಂದೆ. ಟ್ರೈಲರ್ ಚೀಟಿಯಲ್ಲಿ 14,000. ಕೂಡಿದರೆ 25,500. ವ್ಯಾಪಾರಕ್ಕಾಗಿ ರಾಜ್ಯದ ಗಡಿ ದಾಟುವ ಗಾಡಿ, ಟ್ರೈಲರ್ ಸೇರಿ 10,001 ಪೌಂಡ್ ಮುಟ್ಟಿದರೆ ಕಮರ್ಷಿಯಲ್ ಗಾಡಿ ಅಂತಲೇ ಲೆಕ್ಕ. ಕೊಲೊರಾಡೊದಿಂದ ಯೂಟಾಗೆ ಬಾಡಿಗೆಗೆ ಯಂತ್ರ ಸಾಗಿಸುವ ನೀನು ಆ ಗೆರೆ ಯಾವಾಗಲೋ ದಾಟಿದ್ದೀಯ. ಟ್ರೈಲರ್ ಖಾಲಿ ಇತ್ತು ಅಂದರೂ ನಡೆಯಲ್ಲ, ಚೀಟಿಯಲ್ಲಿರುವ ಅಂಕಿಯೇ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಸಾರಿಗೆ ಇಲಾಖೆ ಕೊಡುವ ಡಿಒಟಿ ನಂಬರ್ ಬೇಕು, ಅದನ್ನು ಬಾಗಿಲ ಮೇಲೆ ಬರೆಸಬೇಕು. ಡಾಕ್ಟರ ಹತ್ತಿರ ತಪಾಸಣೆ ಮಾಡಿಸಿದ ಸರ್ಟಿಫಿಕೇಟ್ ಬೇಕು, ಅದು ಹೆಚ್ಚೆಂದರೆ ಎರಡು ವರ್ಷ ನಡೆಯುತ್ತದೆ. ಇದನ್ನೆಲ್ಲ ಮಾಡಿಸಿದ್ದೀಯೋ ಇಲ್ಲವೋ ನೀನು ಬರೆದಿಲ್ಲ. ಬರೆದಿಲ್ಲ ಅಂದರೆ ಇಲ್ಲ ಅಂತಲೇ ನನಗೆ ಅನ್ನಿಸಿತು. ತಪ್ಪಿದ್ದರೆ ಕ್ಷಮಿಸು.

ಆದರೆ ಕಾಗದಪತ್ರದ್ದಲ್ಲ ನನ್ನ ಚಿಂತೆ. ಬ್ರೇಕಿನದು.

ನಿನ್ನ ಅಮ್ಮನಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಪಿಟ್ಸ್‌ಬರ್ಗ್ ಹತ್ತಿರ ನಾನು ಹುಲ್ಲು ಕತ್ತರಿಸುವ, ತೋಟ ಮಾಡಿಕೊಡುವ ಕೆಲಸ ನಡೆಸುತ್ತಿದ್ದಾಗ ಒಂದು ಅಪಘಾತ ಆಯಿತಲ್ಲ, ಟೈರ್ ಒಡೆದು ಹಾಗಾಯಿತು ಅಂತ ಎಲ್ಲರಿಗೂ ಹೇಳಿದ್ದೆ. ಟೈರ್ ಒಡೆದಿರಲಿಲ್ಲ.

ಅವತ್ತು ಬೆಳಗಿನ ಜಾವ ಮಳೆ. ಕತ್ತಲಲ್ಲಿ ಟ್ರೈಲರ್ ಸಿಕ್ಕಿಸಿದೆ. ಟ್ರೈಲರ್ ಮೂತಿ ಪಿಕಪ್ಪಿನ ಹಿಂದಿರುವ ಒಂದು ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ನನ್ನ ಟ್ರೈಲರಿನ ಮೂತಿ ಎರಡೂ ಕಾಲು ಇಂಚಿಗಿಂತ ಸ್ವಲ್ಪ ದೊಡ್ಡ ಗುಂಡಿನ ಅಳತೆಗೆ ಮಾಡಿದ್ದು. ಪಿಕಪ್ಪಿನ ಹಿಂದೆ ಇದ್ದದ್ದು ಎರಡು ಇಂಚಿನ ಗುಂಡು. ಹಿಂದಿನ ದಿನ ಸಣ್ಣ ಟ್ರೈಲರ್‌ಗೆ ಅಂತ ಬದಲಾಯಿಸಿ, ಮರೆತುಬಿಟ್ಟಿದ್ದೆ. ಮೂತಿ ಕೂತಿತು. ಚಿಲಕ ಬಿತ್ತು. ಎಲ್ಲ ಸರಿಯಾಗಿದೆ ಅಂತಲೇ ಕಾಣಿಸುತ್ತಿತ್ತು. ಮೂತಿ ಕಳಚಿದರೂ ಹಿಡಿದಿರಲಿ ಅಂತ ಇರುವ ಎರಡು ಸರಪಳಿಗಳಲ್ಲಿ ಒಂದನ್ನು ಕೊಕ್ಕೆಗೆ ಹಾಕಿದೆ. ಇನ್ನೊಂದರ ಕೊಕ್ಕೆ ತುಕ್ಕು ಹಿಡಿದು ಬಾಯಿ ತೆಗೆಯಲಿಲ್ಲ, ಹಾಗೇ ಬಿಟ್ಟೆ. ಟ್ರೈಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯಲಿ ಅಂತ ಅದರ ಮೂತಿಯ ಹತ್ತಿರ ಒಂದು ಸಣ್ಣ ಬ್ಯಾಟರಿ ಇಟ್ಟಿರುತ್ತಾರಲ್ಲ, ಅದು ಸತ್ತು ಎಷ್ಟೋ ತಿಂಗಳಾಗಿತ್ತು. "ಮುಂದಿನ ತಿಂಗಳು" ಅಂದುಕೊಂಡಿದ್ದೆ. ನಿನ್ನ ಹಾಗೇ.

ಇಳಿಜಾರಿನಲ್ಲಿ ಒಂದು ಗುಂಡಿ ಸಿಕ್ಕಿತು. ದಡಕ್ ಅಂತು. ಮೂತಿ ಕಳಚಿತು, ಒಂದೇ ಸರಪಳಿ ತಡೆಯಲಿಲ್ಲ. ನಾನು ಬ್ರೇಕ್ ಒತ್ತಿದೆ. ಪಿಕಪ್ ನಿಧಾನವಾಯಿತು. ಟ್ರೈಲರ್ ಆಗಲಿಲ್ಲ. ನನ್ನದೇ ಟ್ರೈಲರ್ ಎಡಗಡೆಯ ಕಿಟಕಿಯ ಪಕ್ಕದಲ್ಲಿ ನನ್ನನ್ನು ದಾಟಿಕೊಂಡು ಹೋಯಿತು. ಅದರ ಮೇಲೆ ನಾನೇ ಕಟ್ಟಿದ್ದ ನೀಲಿ ಟಾರ್ಪಾಲು ಪಟಪಟ ಬಡಿಯುತ್ತಿತ್ತು. ಅಷ್ಟು ಹತ್ತಿರ. ಎದುರಿನಿಂದ ಒಂದು ಕಾರು ಬರುತ್ತಿತ್ತು.

ಅದರಲ್ಲಿದ್ದವರು ವಯಸ್ಸಾದವರು. ಬದುಕಿದರು, ಆದರೆ ಸೊಂಟದ ಮೂಳೆ ಮುರಿಯಿತು. ಕೋಲಿಲ್ಲದೆ ಮತ್ತೆ ನಡೆಯಲಿಲ್ಲವಂತೆ. ಇನ್ಶೂರೆನ್ಸ್‌ನವರು ನನ್ನ ಪಾಲಿಸಿ ತೆಗೆದು ನೋಡಿ, ಇದು ಮನೆ ಬಳಕೆಯ ಪಾಲಿಸಿ, ನೀನು ದುಡಿಮೆಗೆ ಓಡಿಸುತ್ತಿದ್ದೆ, ನಮಗೆ ಸಂಬಂಧವಿಲ್ಲ ಅಂದರು. ದುಡ್ಡು ನಾನೇ ಕಟ್ಟಿದೆ, ತಿಂಗಳು ತಿಂಗಳು, ವರ್ಷಗಟ್ಟಲೆ. ಅದಕ್ಕೆ ಬೇಜಾರಿಲ್ಲ. ಅವರನ್ನು ಒಂದು ಸಲವಾದರೂ ಹೋಗಿ ನೋಡಲಿಲ್ಲ, ಅದೇ ಕೊರೆಯುತ್ತದೆ. ಒಂದು ಸಲ ಅವರ ಬೀದಿಯ ತನಕ ಹೋಗಿದ್ದೆ. ಗಾಡಿ ತಿರುಗಿಸಿಕೊಂಡು ಬಂದೆ. ಆಮೇಲೆ ಅವರು ತೀರಿಕೊಂಡರು ಅಂತ ಗೊತ್ತಾಯಿತು.

ನಿನ್ನ ಸಾಲು ಓದಿದಾಗ ಆ ಟಾರ್ಪಾಲು ಬಡಿಯುವ ಸದ್ದು ಕೇಳಿಸಿತು ಪುಟ್ಟ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇನ್ಶೂರೆನ್ಸ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀನು ಬೇರೆಯವರ ಯಂತ್ರಗಳನ್ನು ಬಾಡಿಗೆಗೆ ಸಾಗಿಸುತ್ತಿದ್ದೀಯ. ರಾಜ್ಯ ದಾಟಿ ಹಾಗೆ ಮಾಡುವವರಿಗೆ ಡಿಒಟಿ ನಂಬರ್ ಒಂದೇ ಸಾಲದು, ಆಪರೇಟಿಂಗ್ ಅಥಾರಿಟಿ ಅಂತ ಬೇರೆ ಪರವಾನಗಿ ಬೇಕು. ನಿನ್ನಷ್ಟು ತೂಕದ ಗಾಡಿಗೆ ಕನಿಷ್ಠ 7,50,000 ಡಾಲರ್ ಹೊಣೆಗಾರಿಕೆಯ ವಿಮೆ ಇರಬೇಕು. ಕಂತು ಜಾಸ್ತಿ ಆಗುತ್ತದೆ, ಗೊತ್ತು. ಹೊಸದಾಗಿ ಶುರುಮಾಡಿದವನಿಗೆ ಹೊಟ್ಟೆ ಉರಿಯುವಷ್ಟು ಜಾಸ್ತಿ. ಈ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಯೋಗ್ಯತೆ ಇದೆಯೋ ಇಲ್ಲವೋ. ಆದರೂ ಹೇಳದೆ ಇರಲಾರೆ.

ಮತ್ತೆ, 16,000 ಪೌಂಡಿನ ದೊಡ್ಡ ಟ್ರೈಲರ್ ಕೊಳ್ಳುವ ಯೋಚನೆ ಇದೆ ಅಂದೆ. ಸ್ವಲ್ಪ ತಡಿ. ನಿನ್ನ ಪಿಕಪ್ಪಿಗೆ ಅದು ಸೇರಿದರೆ 27,500. ಟ್ರೈಲರ್ 10,000 ಮೀರಿ, ಎರಡೂ ಸೇರಿ 26,001 ಮುಟ್ಟಿದರೆ ಕ್ಲಾಸ್ ಎ ಸಿಡಿಎಲ್, ಅಂದರೆ ಭಾರಿ ಗಾಡಿಗಳ ಕಮರ್ಷಿಯಲ್ ಲೈಸೆನ್ಸ್, ಇಲ್ಲದೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಈಗಿನ ಟ್ರೈಲರ್ ಆ ಗೆರೆಗಿಂತ 501 ಪೌಂಡ್ ಕೆಳಗಿದೆ. ಸದ್ಯಕ್ಕೆ ಅಲ್ಲೇ ಇರು. ಅಥವಾ ಲೈಸೆನ್ಸ್ ಮೊದಲು ಮಾಡಿಸಿಕೋ, ಆಮೇಲೆ ಕೊಳ್ಳು.

ಬ್ರೇಕಿಗೆ ವಾಪಸ್ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಕಮರ್ಷಿಯಲ್ ಗಾಡಿ ಅಂದಮೇಲೆ ಇರುವ ಬ್ರೇಕ್ ಎಲ್ಲ ಕೆಲಸ ಮಾಡಲೇಬೇಕು ಅನ್ನುತ್ತದೆ ಕಾನೂನು. ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನಾಗಿ ಹಿಡಿದು ಕನಿಷ್ಠ 15 ನಿಮಿಷ ಹಿಡಿದೇ ಇರಬೇಕು. ಆ ಸಣ್ಣ ಬ್ಯಾಟರಿ ಇರುವುದೇ ಅದಕ್ಕೆ. ಎಳೆದರೆ ಆ ಬ್ರೇಕ್ ಹಿಡಿಸುವ ಪಿನ್ನಿನ ತಂತಿಯನ್ನು ಪಿಕಪ್ಪಿನ ಚೌಕಟ್ಟಿಗೆ ಕಟ್ಟು, ಸರಪಳಿಗೆ ಕಟ್ಟಬೇಡ. ಸರಪಳಿ ಎರಡನ್ನೂ ಮೂತಿಯ ಕೆಳಗೆ ಕತ್ತರಿ ಹಾಕಿದ ಹಾಗೆ ದಾಟಿಸಿ ಹಾಕು. ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಅದರ ಮೇಲೆ ಕೂರುತ್ತದೆ. ಹೊರಡುವ ಮುಂಚೆ ಅಂಗಳದಲ್ಲೇ ಒಂದಿಷ್ಟು ಮುಂದೆ ಹೋಗಿ, ಡ್ಯಾಶ್ ಕೆಳಗಿನ ಕಂಟ್ರೋಲರ್ ಗುಂಡಿ ಒತ್ತಿ ಬರೀ ಟ್ರೈಲರ್ ಬ್ರೇಕ್ ಹಾಕಿ ನೋಡು. ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗಾಗಬೇಕು. ಆಗಲಿಲ್ಲ ಅಂದರೆ ಅವತ್ತಿನ ಬಾಡಿಗೆ ಬೇಡ.

ಯಂತ್ರ ಕಟ್ಟುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. 8,000 ಪೌಂಡಿನ ಯಂತ್ರಕ್ಕೆ, ಕಟ್ಟಿದ ಸರಪಳಿಗಳ ತಾಳಿಕೆ ಒಟ್ಟು 4,000 ಆದರೂ ಇರಬೇಕು, ಅಂದರೆ ಅರ್ಧ. ಮೊದಲ 50 ಮೈಲಿಯೊಳಗೆ ಒಂದು ಸಲ ನಿಲ್ಲಿಸಿ, ಇಳಿದು, ಕೈಯಿಂದ ಮುಟ್ಟಿ ನೋಡು. ಇದೂ ಕಾನೂನೇ. ನಾನು ಯಾವತ್ತೂ ನಿಲ್ಲಿಸುತ್ತಿರಲಿಲ್ಲ. ಅವತ್ತು ನಿಲ್ಲಿಸಿದ್ದರೆ ಎರಡು ಇಂಚಿನ ಗುಂಡು ಕಣ್ಣಿಗೆ ಬೀಳುತ್ತಿತ್ತೇನೋ.

ರಿಪೇರಿಗೆ ದುಡ್ಡು ಸಾಲದು ಅನ್ನುವುದಾದರೆ ನನ್ನನ್ನು ಕೇಳು. ಸಂಕೋಚ ಬೇಡ. ಈ ಕಾಗದದ ಜೊತೆ ಒಂದು ಚೆಕ್ ಇಟ್ಟಿದ್ದೇನೆ. ಬ್ರೇಕಿಗೆ ಬಿಟ್ಟು ಬೇರೆ ಯಾವುದಕ್ಕೂ ಖರ್ಚು ಮಾಡಬೇಡ. ನಿನ್ನ ಅಮ್ಮನಿಗೆ ಹಳೆಯ ವಿಷಯ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ಬ್ರೇಕ್ ರಿಪೇರಿ ಮುಗಿದ ಮೇಲೆ ಆ ಪಿನ್ ಎಳೆದು, ಪಿಕಪ್ ಅನ್ನು ಮೆಲ್ಲಗೆ ಮುಂದಕ್ಕೆ ಬಿಡು. ಟ್ರೈಲರ್ ಚಕ್ರ ತಿರುಗಬಾರದು, ಹಾಗೇ ನೆಲಕ್ಕೆ ಉಜ್ಜಬೇಕು. ಅದರ ವಿಡಿಯೊ ತೆಗೆದು ಕಳಿಸು. ಅದು ಬರುವ ತನಕ ಯೂಟಾ ಕಡೆ ಹೋಗಬೇಡ.

ಇಂತಿ,
ನಿನ್ನ ಮಾವ