ದಾಳಿಂಬೆ ಸಿಪ್ಪೆಯ ಸೀರಮ್ ಮಾರುವ ಮೊದಲು

ಮಾಟುಂಗಾ, ಮುಂಬೈ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪುಣೆಯಿಂದ ನೀನು ಕಳಿಸಿದ, ಮುಖದ ಕಲೆಗೆ ಹಚ್ಚುವ ಸೀರಮ್ ಬಾಟಲಿ ತಲುಪಿತು. ಜ್ಯೂಸ್ ಅಂಗಡಿಯಲ್ಲಿ ಕಸಕ್ಕೆ ಹೋಗುವ ಸೊಲ್ಲಾಪುರ ದಾಳಿಂಬೆಯ ಸಿಪ್ಪೆಯಿಂದ ಏನಾದರೂ ಮಾಡಬೇಕು ಅಂತ ಹೊರಟಿದ್ದೀಯಲ್ಲ, ನನಗೆ ನಿಜಕ್ಕೂ ಹೆಮ್ಮೆ. ಆದರೆ ಕಾಸ್ಮೆಟಿಕ್ಸ್ ಲ್ಯಾಬಿನಲ್ಲೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಲೇಬಲ್ ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ನೀನು ಹಿಡಿದ ಎಳೆ ಸರಿಯಾಗಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಅನ್ನೋ ಕಿಣ್ವ ಬೇಕು. ಆ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರ ಬೇಕು. ದಾಳಿಂಬೆಯ ಎಲಾಜಿಕ್ ಆಮ್ಲ ಆ ತಾಮ್ರಕ್ಕೇ ಅಂಟಿಕೊಳ್ಳುತ್ತದೆ, ಕಿಣ್ವ ನಿಧಾನವಾಗುತ್ತದೆ. ಹೆಚ್ಚಿಟ್ಟ ಬಾಳೆದಿಂಡು ಕಪ್ಪಾಗುವುದೂ ಇಂಥದ್ದೇ ಜಾತಿಯ ಕಿಣ್ವದಿಂದ. ನಾವು ಅದನ್ನು ಮಜ್ಜಿಗೆ ನೀರಿಗೆ ಹಾಕಿಡ್ತೀವಲ್ಲ, ಆ ಹುಳಿಗೆ ಕಿಣ್ವದ ಆಟ ನಡೆಯುವುದಿಲ್ಲ.

ಇನ್ನು ನೀನು ಕಳಿಸಿದ ಸಂಶೋಧನಾ ಲೇಖನಗಳು. ಅವುಗಳಲ್ಲಿ ಜಾಸ್ತಿ ಪಾಲು ಪರೀಕ್ಷೆ ಮಾಡಿರುವುದು ಅಣಬೆಯ ಟೈರೋಸಿನೇಸ್ ಮೇಲೆ. ಸುಲಭವಾಗಿ ಸಿಗುತ್ತೆ ಅಂತ ಲ್ಯಾಬುಗಳಲ್ಲಿ ಅದನ್ನೇ ತರಿಸ್ತಾರೆ. ಮನುಷ್ಯರ ಕಿಣ್ವದ ರಚನೆ ಬೇರೆ. ಅಣಬೆಯ ಕಿಣ್ವವನ್ನು ಜೋರಾಗಿ ತಡೆಯುವ ಕೋಜಿಕ್ ಆಮ್ಲ ಮನುಷ್ಯರ ಕಿಣ್ವದ ಮುಂದೆ ಸಾಕಷ್ಟು ಸಪ್ಪೆ. ಅದೂ ಅಲ್ಲದೆ ಎಲಾಜಿಕ್ ಆಮ್ಲ ನೀರಿನಲ್ಲಿ ಕರಗುವುದೇ ಕಷ್ಟ. ಸಿಪ್ಪೆ ಕುದಿಸಿ ಸೋಸಿದರೆ ಬಾಟಲಿಗೆ ಇಳಿಯುವುದು ಅದಕ್ಕಿಂತ ಜಾಸ್ತಿ ಟ್ಯಾನಿನ್, ಅಂದರೆ ಒಗರು ಕೊಡುವ ಪದಾರ್ಥ. ಟ್ಯಾನಿನ್‌ಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನಿನ್ನ ಬಾಟಲಿಯ ತಳದಲ್ಲಿ ಕರಿ ಗಸಿ ಕೂತಿದೆ, ಅಲ್ಲಾಡಿಸಿದರೂ ಪೂರ್ತಿ ಕದಡುತ್ತಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ, ಅಲ್ವಾ? ಸ್ಟೀಲ್ ಪಾತ್ರೆಗೆ ಬದಲಾಯಿಸು.

ನನ್ನ ನಿಜವಾದ ಚಿಂತೆ ಲೇಬಲ್ಲಿನ ಒಂದು ಸಾಲು: ‘ಗಿಡದಿಂದ ಬಂದದ್ದು, ಅಪಾಯವಿಲ್ಲ’. ಇದನ್ನು ಮೊದಲು ತೆಗೆ. ಜಪಾನಿನಲ್ಲಿ ರೋಡೋಡೆಂಡ್ರಾಲ್ ಅಂತ ಒಂದು ಪದಾರ್ಥ ಬಂದಿತ್ತು. ಬರ್ಚ್, ಮೇಪಲ್ ಮರಗಳಲ್ಲಿ ತಾನಾಗಿಯೇ ಇರುವಂಥದ್ದು, ಟೈರೋಸಿನೇಸನ್ನು ತಡೆಯುವಂಥದ್ದು. ಸರ್ಕಾರದ ಒಪ್ಪಿಗೆಯೂ ಇತ್ತು. ಹಚ್ಚಿಕೊಂಡವರಲ್ಲಿ ಕೆಲವರ ಮುಖ, ಕುತ್ತಿಗೆ, ಕೈಗಳ ಮೇಲೆ ಬಿಳಿ ಮಚ್ಚೆ ಬಿದ್ದವು. 2013ರಲ್ಲಿ ಕ್ರೀಮುಗಳನ್ನೆಲ್ಲ ವಾಪಸ್ ತರಿಸಿಕೊಂಡರು. ಆಮೇಲೆ ಗೊತ್ತಾಗಿದ್ದೇನು ಅಂದರೆ, ಆ ಕಿಣ್ವವೇ ರೋಡೋಡೆಂಡ್ರಾಲನ್ನು ಇನ್ನೊಂದು ಪದಾರ್ಥವಾಗಿ ಬದಲಿಸುತ್ತಿತ್ತು, ಅದು ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತಿತ್ತು. ತೊಂದರೆಯಾದವರು ಸಾವಿರಾರು ಜನ, ಪುಟ್ಟಿ. ದಾಳಿಂಬೆ ಹೀಗೆ ಮಾಡುತ್ತೆ ಅಂತ ನಾನು ಹೇಳ್ತಿಲ್ಲ. ಗಿಡದ್ದು ಅನ್ನುವುದೊಂದೇ ಭರವಸೆ ಅಲ್ಲ ಅಂತ ಹೇಳ್ತಿದ್ದೀನಿ.

ಲಿಂಬೆ ಹಾಕಿದ್ದೀನಿ ಅಂತಲೂ ಬರೆದಿದ್ದೀಯ. ಬೇಡವೇ ಬೇಡ. ಲಿಂಬೆ ರಸ, ಸಿಪ್ಪೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳುತ್ತವೆ, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಲೆ ಹೋಗಲಿ ಅಂತ ಕೊಂಡವರಿಗೆ ಕಲೆಯನ್ನೇ ಕೊಟ್ಟಂತಾಗುತ್ತದೆ. ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಇಲ್ಲ ಅನ್ನೋದನ್ನೂ ಹೊಗಳಿಕೊಳ್ಳಬೇಡ. ನೀರು ಇರುವ ಸೀರಮ್ಮಿನಲ್ಲಿ ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಮೊದಮೊದಲು ಕಣ್ಣಿಗೂ ಕಾಣುವುದಿಲ್ಲ.

‘ಬೆಳ್ಳಗಾಗುತ್ತೀರಿ’ ಅಂತ ಮಾತ್ರ ಎಲ್ಲೂ ಬರೆಯಬೇಡ ಕಣೇ. ಮೆಲನಿನ್ ನಮ್ಮನ್ನು ಬಿಸಿಲಿನಿಂದ ಕಾಯುವ ವಸ್ತು. ಮೊಡವೆ ಕಲೆಗೆ ಅಂತ ಮಾರು, ಜೊತೆಗೆ ಸನ್‌ಸ್ಕ್ರೀನ್ ಹಚ್ಚಲು ಹೇಳು. ಕಪ್ಪು ಹುಡುಗಿಯರ ಬೇಸರದಿಂದ ನಿನ್ನ ಅಂಗಡಿ ನಡೆಯುವುದು ನನಗೆ ಇಷ್ಟವಿಲ್ಲ.

ಅಡುಗೆಮನೆಯಲ್ಲಿ ಮಾಡಿ ಮಾರುವುದಕ್ಕೂ ಲೈಸೆನ್ಸ್ ಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಅದನ್ನು ಕೊಡುವವರು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ. ಅಲ್ಲಿಯವರೆಗೆ ಗೆಳತಿಯರಿಗೂ ಹಂಚಬೇಡ. ಮುಂದಿನ ಬ್ಯಾಚಿಗೆ ಏನೇನು ಎಷ್ಟೆಷ್ಟು ಹಾಕಿದೆ ಅಂತ ಗ್ರಾಂ ಲೆಕ್ಕದಲ್ಲಿ ಬರೆದು ಕಳಿಸು, ಪಿಎಚ್, ಅಂದರೆ ಹುಳಿಯ ಮಟ್ಟ, ಎಷ್ಟಿತ್ತು ಅನ್ನೋದನ್ನೂ ಸೇರಿಸು. ಅರ್ಜಿ ತುಂಬಲು ಭಾನುವಾರ ಮನೆಗೆ ಬಾ, ಇಬ್ಬರೂ ಕೂತು ಮಾಡೋಣ.

ಇಂತಿ ನಿನ್ನ
ದೊಡ್ಡಮ್ಮ