ಬೆಳಗು ಬೈಗಿನ ಹೊಳೆಯನ್ನು ನೀರುನಾಯಿಗೆ ಬಿಡಿ

ಮಾನ್ಯ ಸಂಪಾದಕರೇ,

ನಾನು ಆನೆಗೊಂದಿಯಲ್ಲಿ ಹರಿಗೋಲು ನಡೆಸುವವನು. ನಮ್ಮಪ್ಪ ತುಂಗಭದ್ರೆಯ ಆಚೆ ದಡದ ತಳವಾರಘಟ್ಟಕ್ಕೆ ಜನ, ಜೋಳದ ಚೀಲ, ಸೈಕಲ್ಲು, ಒಮ್ಮೊಮ್ಮೆ ಮೇಕೆಗಳನ್ನೂ ದಾಟಿಸುತ್ತಿದ್ದ. ಐನೂರು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ತೆಪ್ಪಗಳ ಬಗ್ಗೆ ಬರೆದಿಟ್ಟಿದ್ದಾನೆ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ದಾಟಬೇಕಾದ ಊರವರಿಗೆ ಸೇತುವೆ ಇದೆ. ನನ್ನ ತೆಪ್ಪ ಹತ್ತುವವರು ಹೆಚ್ಚಾಗಿ ಪ್ರವಾಸಿಗರೇ, ನನ್ನ ಮನೆ ನಡೆಯುವುದೂ ಅವರಿಂದಲೇ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಹೇಳುವುದು ನನ್ನ ದುಡಿಮೆಗೂ ತಾಗುವ ಮಾತು.

2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹಂಪಿ, ಆನೆಗೊಂದಿ, ವಿರೂಪಾಪುರ ಗಡ್ಡೆ ಎಲ್ಲವೂ ಈ ಹೊಳೆಯ ದಂಡೆಯಲ್ಲೇ ಇವೆ. ನನ್ನ ತೆಪ್ಪ ಹತ್ತಿದವರಲ್ಲಿ ನೂರಕ್ಕೆ ಒಬ್ಬರಿಗೂ ಇದು ಗೊತ್ತಿರುವುದನ್ನು ನಾನು ಕಂಡಿಲ್ಲ. ಅವರಿಗೆ ವಿಠಲ ಗುಡಿಯ ಕಲ್ಲಿನ ರಥ ಗೊತ್ತು, ಅಂಜನಾದ್ರಿ ಗೊತ್ತು.

ನಮ್ಮ ಹೊಳೆಯ ನೀರುನಾಯಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ತಾಯಿ, ತಂದೆ, ಹಿಂದಿನ ಸಲದ ಮರಿಗಳು ಎಲ್ಲ ಒಟ್ಟಿಗೆ ಹೊರಡುತ್ತವೆ. ಬಾತುಗಳ ಹಾರುಸಾಲಿನ ಹಾಗೆ ಹರಡಿಕೊಂಡು ಮೀನನ್ನು ಮುಂದಕ್ಕೆ ಅಟ್ಟುತ್ತಾ ಬಂಡೆಯ ಸಂದಿಗೆ ಒತ್ತಿ ಹಿಡಿಯುತ್ತವೆ. ಬೆಳೆದ ಪ್ರಾಣಿಗೆ ದಿನಕ್ಕೆ ಸುಮಾರು ಒಂದು ಕಿಲೋ ಮೀನು ಬೇಕು. ಈ ಬೇಟೆ ಹೆಚ್ಚಾಗಿ ನಡೆಯುವುದು ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ. ಮರಿಗಳು ನಮ್ಮ ಕಣ್ಣಿಗೆ ಬೀಳುವುದು ಚಳಿಗಾಲದಲ್ಲಿ.

ಈಗ ಪ್ರವಾಸಿಗರ ವೇಳಾಪಟ್ಟಿ ನೋಡಿ. ಹಂಪಿಗೆ ಜನ ಕಿಕ್ಕಿರಿಯುವುದು ನವೆಂಬರಿನಿಂದ ಫೆಬ್ರುವರಿವರೆಗೆ. ಎಲ್ಲರಿಗೂ ಬೇಕಾದದ್ದು ಸೂರ್ಯೋದಯದ ತೆಪ್ಪ, ಸೂರ್ಯಾಸ್ತದ ತೆಪ್ಪ. ನಾವು ಅದಕ್ಕೇ ಹೆಚ್ಚು ಬಾಡಿಗೆ ಕೇಳುತ್ತೇವೆ. ನೀರುನಾಯಿಗೆ ಊಟದ ಹೊತ್ತೂ ಮರಿ ಸಾಕುವ ಕಾಲವೂ ಯಾವುದೋ, ನಮ್ಮ ವ್ಯಾಪಾರದ ಹೊತ್ತೂ ಕಾಲವೂ ಅದೇ.

ಕಳೆದ ಜನವರಿಯ ಒಂದು ಸಂಜೆ ಆರು ಮಂದಿ ಹುಡುಗರು ನನ್ನ ತೆಪ್ಪ ಹತ್ತಿದರು. ತೊಡೆಯ ಮೇಲೊಂದು ಸ್ಪೀಕರ್ ಇತ್ತು, ಹೊಳೆ ದಾಟಿ ಕೇಳಿಸುವಷ್ಟು ಸದ್ದು. ಎದುರಿನ ನಡುಗಡ್ಡೆಯ ದೊಡ್ಡ ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬೇಕು ಎಂದರು. ಆ ಬಂಡೆಯ ಕೆಳಗಿನ ಪೊಟರೆಯಲ್ಲಿ ಮರಿಗಳಿದ್ದದ್ದು ನನಗೆ ಗೊತ್ತಿತ್ತು. ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ವಾರದಿಂದ ಬೀಳುತ್ತಿತ್ತು, ಒಳಗಿಂದ ಸಿಳ್ಳೆಯಂಥ ಸಣ್ಣ ಕೂಗೂ ಕೇಳಿದ್ದೆ. ಐನೂರು ರೂಪಾಯಿ ಹೆಚ್ಚು ಕೊಡುತ್ತೇವೆ ಎಂದರು. ನಾನು ಇಳಿಸಿದೆ.

ತಾಯಿ ಬಾಯಲ್ಲಿ ಮೀನು ಕಚ್ಚಿಕೊಂಡು ಬಂತು. ಇಪ್ಪತ್ತು ಮಾರು ದೂರದಲ್ಲಿ ತಲೆ ಮೇಲೆತ್ತಿ ನಿಂತಿತು. ಮುಳುಗಿತು, ಮತ್ತೆ ಎದ್ದಿತು, ಮೂಗಿನಿಂದ ಬುಸ್ಸೆಂದಿತು. ಹುಡುಗರು ಅದನ್ನು ನೋಡಿ ಕೇಕೆ ಹಾಕಿ ಮೊಬೈಲು ಹಿಡಿದರು. ಅರ್ಧ ಗಂಟೆ ಕಾದು ಅದು ಕತ್ತಲಲ್ಲಿ ಕೆಳಹೊಳೆಯ ಕಡೆ ಹೋಯಿತು. ಎರಡು ದಿನ ಬಿಟ್ಟು ನೋಡಿದರೆ ಪೊಟರೆ ಖಾಲಿ. ಬೆದರಿದ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆ ಸಾಗಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹಾಗೇ ಆಗಿರಲಿ ಎಂದು ನಾನು ದೇವರಲ್ಲಿ ಬೇಡಿದ್ದೇನೆ. ಆ ಐನೂರು ರೂಪಾಯಿ ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ.

ತೋಟಾ ಸಿಡಿಸಿ ಮೀನು ಹಿಡಿಯುವವರನ್ನು, ಮರಳು ಎತ್ತುವವರನ್ನು ಬಿಟ್ಟು ಬಡ ತೆಪ್ಪದವರ ಮೇಲೇಕೆ ಕಣ್ಣು ಎಂದು ನಮ್ಮವರೇ ಕೇಳಬಹುದು. ಅವರಿಂದಾಗುವ ಹಾನಿ ದೊಡ್ಡದು, ಅದನ್ನು ನಿಲ್ಲಿಸಲೇಬೇಕು. ಆದರೆ ತೋಟಾದವನು ಕದ್ದುಮುಚ್ಚಿ ಎಂದೋ ಬರುತ್ತಾನೆ. ನಾವು ದಿನಾ ಬರುತ್ತೇವೆ, ದಿನಕ್ಕೆ ಎರಡು ಸಲ, ಅದೇ ಬಂಡೆಗೆ. ತೊಂದರೆ ನೀರುನಾಯಿಗೆ ಮಾತ್ರವೂ ಅಲ್ಲ. ಬೇಸಿಗೆಯಲ್ಲಿ ಮರಳದಿಬ್ಬ ಎದ್ದಾಗ ಟರ್ನ್ ಎಂಬ ಹೊಳೆಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಉರುಟುಗಲ್ಲಿಗೂ ವ್ಯತ್ಯಾಸ ತಿಳಿಯದವರು ಅಲ್ಲಿ ಚೆಂಡಾಡುವುದನ್ನು ನೋಡಿದ್ದೇನೆ.

ತೆಪ್ಪ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಮಕ್ಕಳೂ ಉಣ್ಣಬೇಕು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 5ರ ನಂತರ ಮೀಸಲು ಪ್ರದೇಶದ ಹೊಳೆಯಲ್ಲಿ ವಿಹಾರದ ತೆಪ್ಪ ಬೇಡ. ಮರಿಗಳಿರುವ ತಿಂಗಳುಗಳಲ್ಲಿ ಕೆಲವು ಗಡ್ಡೆಗಳಿಗೆ ಯಾರೂ ಇಳಿಯುವಂತಿಲ್ಲ ಎಂದಾಗಲಿ. ಸ್ಪೀಕರ್ ದಂಡೆಯಲ್ಲೇ ಉಳಿಯಲಿ. ನಿಯಮ ಎಲ್ಲ ತೆಪ್ಪಗಳಿಗೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಇಳಿಸುವುದಿಲ್ಲ ಎಂದವನ ಗಿರಾಕಿ ಇಳಿಸುತ್ತೇನೆ ಎಂದವನ ತೆಪ್ಪಕ್ಕೆ ಹೋಗುತ್ತಾನೆ, ನಾನು ಅಂದು ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಇಂಥ ಮೀಸಲು ಪ್ರದೇಶದ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದು ಕಾನೂನೇ ಹೇಳುತ್ತದೆ. ಅವರ ಜೊತೆಗೆ ತೆಪ್ಪದವರನ್ನೂ ಮೀನುಗಾರರನ್ನೂ ಕೂರಿಸಿಕೊಂಡು ಮಾತಾಡಲಿ.

ಮಳೆಗಾಲ ಮುಗಿದು ನೀರು ಇಳಿಯುತ್ತಲೇ ಅರಣ್ಯ ಇಲಾಖೆಯವರು ಬಂದು ಪೊಟರೆ ಇರುವ ಬಂಡೆಗಳಿಗೆ ಗುರುತು ಹಾಕಲಿ. ಯಾವ ಬಂಡೆ ಎಂದು ತೋರಿಸಲು ನನ್ನ ತೆಪ್ಪದಲ್ಲೇ ಕರೆದೊಯ್ಯುತ್ತೇನೆ, ಬಾಡಿಗೆ ಬೇಡ.

ಇತಿ,
ಒಬ್ಬ ಹರಿಗೋಲು ನಡೆಸುವವ
ಆನೆಗೊಂದಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ